ಖಾಲಿ ಬಿಟ್ಟ ಒಂದು ಅಂಕಣ

ಗಂಡಸಿ
೧೨ ನವೆಂಬರ್ ೨೦೨೫

ಗೆಳೆಯ ಕರಿಯಯ್ಯನಿಗೆ ಮರಿಯಣ್ಣನ ನಮಸ್ಕಾರ.

ಸಮಸ್ತ ನಾಡಿನ ಗಮನಕ್ಕೆ ತರುವುದೇನೆಂದರೆ, ಅರಸೀಕೆರೆ ತಾಲ್ಲೂಕು ಕಚೇರಿ ಎದುರು ನಾನು ಅರ್ಜಿ ಬರೆಯುವ ಮೇಜಿನ ಕುಂಟುಗಾಲಿಗೆ ಕೊಟ್ಟಿದ್ದ ತೆಂಗಿನ ಚಿಪ್ಪನ್ನು ಸೋಮವಾರ ವಿಧ್ಯುಕ್ತವಾಗಿ ಬದಲಾಯಿಸಲಾಯಿತು. ಹಳೆಯ ಚಿಪ್ಪು ಹನ್ನೊಂದು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿತ್ತು. ಸಮಾರಂಭಕ್ಕೆ ನಿನ್ನನ್ನು ಕರೆಯದಿದ್ದುದಕ್ಕೂ, ಗೌರಿ ಹಬ್ಬಕ್ಕೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರಿಸುತ್ತಿರುವುದಕ್ಕೂ ಕ್ಷಮೆಯಿರಲಿ. ಊರಿಗೆಲ್ಲ ಅರ್ಜಿ ಬರೆಯುವವನಿಗೆ ಸ್ವಂತದ್ದು ಬರೆಯಲು ಕೈ ಏಳುವುದಿಲ್ಲ.

ವಿಷಯ ಲಿಪಿಕಾಳದು. ನಿಮ್ಮ ಗೆಂಡೆಹಳ್ಳಿ ಕಡೆಯ ತೋಟಕ್ಕೆ ಕಾಫಿ ಕುಯ್ಯಲು ಅಸ್ಸಾಂನಿಂದ ಬಂದವಳು, ಅಲ್ಲಿ ಜೀಪು ಓಡಿಸುತ್ತಿದ್ದ ನಮ್ಮ ತಿಮ್ಮೇಶನನ್ನು ಕಟ್ಟಿಕೊಂಡಳು. ತಿಮ್ಮೇಶ ನನ್ನ ಅಕ್ಕನ ಮಗ, ನಾನೇ ಸಾಕಿದವನು. ಮದುವೆಯಲ್ಲಿ ಮೂರು ಸಲ ಪಾಯಸ ಬಡಿಸಿಕೊಂಡ ನಿನಗೆ ಇದೆಲ್ಲ ಮರೆತಿರಲಾರದು. ಈಗ ಅವಳ ತವರಿನ ವಿದೇಶಿಯರ ನ್ಯಾಯಮಂಡಳಿಯಿಂದ ನೋಟೀಸು ಬಂದಿದೆ. ತಾನು ಭಾರತದವಳೆಂದು ಡಿಸೆಂಬರ್ ಐದರಂದು ಅವಳೇ ರುಜುವಾತು ಮಾಡಬೇಕು. ಇಲ್ಲವಾದರೆ ಹೊರದೇಶದವಳೆಂದು ಹಿಡಿದಿಡುತ್ತಾರೆ. ಕಂಕುಳಲ್ಲಿ ಒಂದೂವರೆ ವರ್ಷದ ಕೂಸು. ಮೂವರೂ ಹೋದ ವಾರ ರೈಲು ಹತ್ತಿದರು.

ನಾನು ಕಾನೂನು ಪುಸ್ತಕ ತಂದು ಓದಿದೆ. ಬಲು ಸ್ವಾರಸ್ಯವಾಗಿದೆ. ಐವತ್ತೈದರ ಪೌರತ್ವ ಕಾಯ್ದೆಗೆ ಈ ನೆಲದಲ್ಲಿ ಹುಟ್ಟಿದರೆ ಸಾಕಿತ್ತು. ನಿನ್ನಂಥವನೂ ಒಂದು ಸಲ ಅತ್ತು ಪ್ರಜೆಯಾಗಿಬಿಟ್ಟೆ. ಎಂಬತ್ತೇಳರಿಂದ ನೆಲ ಸಾಲದೆ ಅಪ್ಪನೋ ಅವ್ವನೋ ಪ್ರಜೆಯಾಗಿರಬೇಕಾಯಿತು. ಎರಡು ಸಾವಿರದ ನಾಲ್ಕರಿಂದ ಇನ್ನೊಬ್ಬರೂ ಕದ್ದು ಬಂದವರಾಗಿರಬಾರದು. ಅಸ್ಸಾಮಿಗೆ ಬೇರೆಯೇ ಗೆರೆ: ಎಪ್ಪತ್ತೊಂದರ ಮಾರ್ಚಿಗೆ ಮೊದಲೇ ವಂಶ ಅಲ್ಲಿತ್ತೆಂದು ತೋರಿಸಬೇಕು. ಎರಡು ಸಾವಿರದ ಹತ್ತೊಂಬತ್ತರ ತಿದ್ದುಪಡಿಯಂತೆ, ಬಾಂಗ್ಲಾದಿಂದ ಬಂದ ಹಿಂದೂ ಎಂದು ಒಪ್ಪಿಕೊಂಡರೆ ಒಂದು ಬಾಗಿಲು ತೆರೆಯುತ್ತದೆ.

“ಇಲ್ಲೇ ಹುಟ್ಟಿದೋಳು, ಅಲ್ಲಿಂದ ಬಂದೆ ಅಂತ ಸುಳ್ಳು ಹೇಳ್ಬೇಕಾ ಮಾವ?” ಎಂದಳು ಹುಡುಗಿ, ನಮ್ಮ ಗಂಡಸಿಯ ಕನ್ನಡದಲ್ಲೇ.

“ಅದು ಸರ್ಕಾರ ಒಪ್ಪೋ ಸುಳ್ಳು ಕಣವ್ವ,” ಎಂದೆ.

“ನಿಮ್ ತಮಾಸೆಗೆ ಬೆಂಕಿ ಬೀಳ,” ಎಂದಳು ನಮ್ಮಾಕೆ ಕೆಂಚಮ್ಮ ಒಲೆಯ ಮುಂದಿನಿಂದ. “ಮೊದ್ಲು ಆ ಹೆಣ್ಣಿಗೆ ದಾರಿ ತೋರ್ಸಿ.”

ಹಾಗೆ ನೋಡಿದರೆ ದಾರಿಯಿತ್ತು. ಅವಳ ತಾತನ ಹೆಸರು ಅರವತ್ತಾರರ ಮತದಾರರ ಪಟ್ಟಿಯಲ್ಲಿದೆ, ಅವಳ ಶಾಲೆಯ ಸರ್ಟಿಫಿಕೇಟೂ ಇದೆ. ಅದಕ್ಕೆ ಅಡ್ಡ ಮಲಗಿದವನು ನಾನು. ಮನೆ ತುಂಬಿಸಿಕೊಂಡ ದಿನ ಪದ್ಧತಿಯಂತೆ ಕೆಂಚಮ್ಮ ಅವಳಿಗೆ ಹೊಸ ಹೆಸರಿಟ್ಟಳಲ್ಲ, ದಿವ್ಯಶ್ರೀ ಎಂದು? ತೊಟ್ಟಿಲಲ್ಲೇ ತಿಮ್ಮೇಶನಿಗೆಂದು ಮಾತಾಗಿದ್ದ ನಮ್ಮ ಮಗಳ ಹೆಸರು. ಲಿಪಿಕಾಳಿಗೆ ಆಧಾರ್ ಇರಲಿಲ್ಲ. ಮಹಾ ಜಾಣನಾದ ನಾನು ಪೆಟ್ಟಿಗೆಯಿಂದ ಮಗಳ ಜನನ ಪತ್ರ ತೆಗೆದುಕೊಟ್ಟು ಅವಳಿಗೆ ಆಧಾರ್, ರೇಷನ್ ಕಾರ್ಡು ಎಲ್ಲ ಮಾಡಿಸಿದೆ.

ನಿನ್ನೆ ಅಲ್ಲಿಂದ ತಿಮ್ಮೇಶನ ಫೋನು. “ಮಾವ, ಈ ದಿವ್ಯಶ್ರೀ ಅರಸೀಕೇರೇಲಿ ಹುಟ್ಟವ್ಳೆ, ಲಿಪಿಕಾ ಇಲ್ಲಿ ಹುಟ್ಟವ್ಳೆ, ಇಬ್ರೂ ಒಬ್ಳೇ ಹೆಂಗೆ ಅಂತಾರೆ ಲಾಯರು. ಅಸಲು ದಿವ್ಯಶ್ರೀ ಎಲ್ಲವ್ಳೆ, ಅದಕ್ಕೆ ಕಾಗ್ದ ತಗೊಂಡ್ ಬಾ ಅಂತಾರೆ. ಏನ್ ಹೇಳ್ಲಿ?”

ಫೋನು ಇಟ್ಟವನೇ ಮೇಜಿಗೆ ಕೂತೆ. ಸುಳ್ಳು ದಾಖಲೆ ಕೊಟ್ಟವನು ನಾನೆಂದು ತಪ್ಪೊಪ್ಪಿಗೆ ಬರೆದು ಕಳಿಸಿದ್ದೇನೆ. ಒಳಗೆ ಹಾಕಿದರೆ ಹಾಕಲಿ. ಅಲ್ಲೂ ಅರ್ಜಿ ಬರೆಸುವವರು ಇದ್ದಾರು. ಆದರೆ ಅಷ್ಟು ಸಾಲದಂತೆ.

ಮಾಲೇಕಲ್ಲು ತಿಮ್ಮಪ್ಪ ನಿನ್ನ ಮನೆಯವರನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಮರಿಯಣ್ಣ

ತಾ.ಕ.: ಆ ಬೇಸಿಗೆ ರಜೆಯಲ್ಲಿ ನಿಮ್ಮ ಮನೆಯಲ್ಲೇ ಜ್ವರ ಬಂದು ಹೋದಳಲ್ಲ ನನ್ನ ಮಗಳು, ಏಳು ವರ್ಷದವಳು. ನಿನ್ನ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು. ಈ ಇಪ್ಪತ್ತು ವರ್ಷದಲ್ಲಿ ಊರಿನ ಸಾವುಗಳನ್ನೆಲ್ಲ ನೋಂದಣಿ ಮಾಡಿಸಿದ್ದೇನೆ, ಕರಿಯ, ಅವಳದನ್ನು ಮಾಡಿಸಿಲ್ಲ. ಸರ್ಕಾರದ ಪುಸ್ತಕದಲ್ಲಾದರೂ ಬೆಳೆಯುತ್ತಿರಲಿ ಎಂದುಕೊಂಡಿದ್ದೆ. ಬೆಳೆದಳು ಕೂಡ, ತಿಮ್ಮೇಶನನ್ನೇ ಮದುವೆಯಾದಳು. ಈಗ ಲಿಪಿಕಾ ಉಳಿಯಬೇಕಾದರೆ ಮಗಳು ಸತ್ತಳೆಂದು ನಾನೇ ಬರೆದುಕೊಡಬೇಕು. ಹೊತ್ತವರಲ್ಲಿ ಉಳಿದಿರುವ ಸಾಕ್ಷಿ ನೀನೊಬ್ಬನೇ. ಅರ್ಜಿ ಸಿದ್ಧವಿದೆ, ‘ಮೃತರ ಹೆಸರು’ ಎಂಬ ಅಂಕಣ ಮಾತ್ರ ಖಾಲಿ. ಮುಂದಿನ ಗುರುವಾರ ಬೆಳಿಗ್ಗೆ ಬೇಲೂರು ತಾಲ್ಲೂಕು ಕಚೇರಿ ಹತ್ತಿರ ಬಾ, ಅದೊಂದನ್ನು ನೀನೇ ತುಂಬಿಕೊಡು. ಬರುವಾಗ ಕಪ್ಪು ಇಂಕಿನ ಪೆನ್ನು ತಾ; ನೀಲಿ ಒಪ್ಪುವುದಿಲ್ಲ.