ಬಿಪಿ ಮಷೀನು ನನ್ನ ಚೀಲದಲ್ಲಿದೆ

ಇಶ್ರತ,

ಬಿಪಿ ಮಷೀನು ಹುಡುಕಬೇಡ. ಅದನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಜೋಯಿಡಾಕ್ಕೆ ಹೊರಟಿದ್ದೇನೆ. ಅಲ್ಲಿಯ ಸಭೆಯ ವರದಿ ಪತ್ರಿಕೆಗೆ ಕಳಿಸಿ ಸಂಜೆ ಬರುತ್ತೇನೆ.

ದಿನಾ ಬೆಳಿಗ್ಗೆ ಬಿಪಿ ನೋಡು ಅಂತ ತೋಳು ಚಾಚಿಕೊಂಡು ಬರುವ ಪಕ್ಕದ ಮನೆಯ ಬಾಬಾಜಾನ ಚಾಚಾಗೆ, "ಇವತ್ತ ಬ್ಯಾಡ್ರೀ, ಅಕಿಗೂ ಸೂಟಿ ಬೇಕಲ್ಲ" ಅಂದೆ. "ಸೂಟಿ ಇರ್ಲಿ ಬಿಡಪಾ, ಪಟ್ಟಾ ಕಟ್ಟಾಕ ಎಷ್ಟೊತ್ತ ಹಿಡಿತೈತಿ?" ಅಂದರು. ಬಂದರೂ ಬಂದಾರು. ಬಾಗಿಲು ತೆರೆಯಬೇಡ.

ಅನ್ನ, ದಾಲ್ಚಾ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ಕುಳಿತು ಉಣ್ಣು. ನಿಂತುಕೊಂಡಲ್ಲ.

ಕಂಡದ್ದನ್ನಷ್ಟೇ ಬರೆಯುತ್ತೇನೆ. ನಿನ್ನ ವಾರ್ಡಿನಲ್ಲಿ ಆ ಬಾಣಂತಿ ತೀರಿಕೊಂಡ ಮೇಲೆ ನೀನು ಒಂದು ದಿನವೂ ರಜೆ ಹಾಕಿಲ್ಲ. ನಿನ್ನೆ ರಾತ್ರಿ ಅಮ್ಮಿಗೆ ರೊಟ್ಟಿ ಬಡಿಸಿ, ತಲೆಯೆತ್ತದೆ, "ಮುಂದಿನವರು ಬರ್ರಿ" ಅಂದೆ. ಅಮ್ಮಿ ನಕ್ಕಳು. ನೀನು ನಗಲಿಲ್ಲ, ಹಾಗೆ ಹೇಳಿದ್ದೇ ನಿನಗೆ ಗೊತ್ತಾಗಲಿಲ್ಲ.

ನರ್ಸ್ ಕೆಲಸವನ್ನೇ ಬಿಡ್ತೇನಿ ಅಂದೆಯಲ್ಲ, ಅದನ್ನು ಇವತ್ತು ತೀರ್ಮಾನಿಸಬೇಡ. ಇಷ್ಟು ದಣಿದು ಬರೆದ ಸುದ್ದಿಯನ್ನು ನಾವೂ ಅಚ್ಚಿಗೆ ಕಳಿಸುವುದಿಲ್ಲ. ಮೊದಲು ನಿಮ್ಮ ಡಾಕ್ಟರಿಗೆ ಫೋನು ಮಾಡಿ ಒಂದು ವಾರದ ರಜೆ ಕೇಳು. ನಾನೇ ಕೇಳುತ್ತಿದ್ದೆ, ಆದರೆ ನಾನು ಕೇಳಿದರೆ ಕೊಡುವುದಿಲ್ಲ.

ಬಸ್ಸಿನ ಹೊತ್ತಾಯಿತು. ಆದರೂ ಬಾಗಿಲಿಗೆ ಹೋದವನು ತಿರುಗಿ ಬಂದು ನಿನ್ನನ್ನು ನೋಡಿದೆ. ಮಲಗುವಾಗಲೂ ಕೈಗಡಿಯಾರ ಬಿಚ್ಚಿಲ್ಲ. ಎದ್ದ ಮೇಲೆ ಬಿಚ್ಚಿಡು.

ಮಷೀನು ಒಯ್ದಿದ್ದಕ್ಕೆ ಸಿಟ್ಟು ಬಂದೀತು. ಬರಲಿ. ಸಂಜೆ ಬೇಕಾದಷ್ಟು ಬೈ. ಬೈಯುವಾಗ ಮಾತ್ರ ನನ್ನ ಮುಖ ನೋಡಿ, ಭಾಯಿ ಅಂತ ಕರೆ.

ಇಮ್ರಾನ