ಫರಹತಳಿಗೆ ನಾಲ್ಕನೆಯ ಲಿಪಿ ಬೇಡ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೆಂಬ ತಮ್ಮ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಚೇರಿಯಲ್ಲಿ ತಮ್ಮೆದುರು ತಲೆಯಾಡಿಸಿ ಬಂದವಳು ನಾನೇ, ನಿಜ. ಸಾಹೇಬರ ಮೇಜಿನ ಮುಂದೆ ನಿಂತರೆ ನಮ್ಮಂಥವರ ತಲೆ ತಾನಾಗಿಯೇ ಆಡುತ್ತದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅದಕ್ಕೇ ಈಗ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಫರಹತಳಿಗೆ ಹತ್ತು ವರ್ಷ. ಕೃಷ್ಣೆಯ ದಂಡೆಯ ನಮ್ಮೂರಿನಲ್ಲಿ ಅವಳ ತಂದೆ ನಬಿಸಾಬರದು ಪೈಪಿನ ಅಂಗಡಿ. ಮನೆ ಕಟ್ಟುವ ಗವಂಡಿಗಳು ಸಣ್ಣ ಪೈಪಿನಲ್ಲಿ ನೀರು ತುಂಬಿ, ಎರಡೂ ತುದಿಯಲ್ಲಿ ಅದು ಸಮನಾಗಿ ನಿಲ್ಲುವುದರಿಂದ ಗೋಡೆಯ ಮಟ್ಟ ನೋಡುವುದನ್ನು ಅವಳು ಅಲ್ಲಿಯೇ ಕಂಡವಳು. ಹೋದ ಮಳೆಗಾಲದಲ್ಲಿ ಹೊಳೆ ಏರತೊಡಗಿದಾಗ ಓಣಿಯವರೆಲ್ಲ ದಂಡೆಯ ಕಡೆ ಕಣ್ಣಿಟ್ಟು ನಿಂತಿದ್ದರೆ, ಇವಳು ಹಿತ್ತಲಿನ ಗಟಾರ ನೋಡುತ್ತ ಕೂತಿದ್ದಳು. "ಅಮ್ಮೀ, ನೀರು ಮುಂದಿಂದ ಬರೂದಿಲ್ಲ. ಗಟಾರದ ಪೈಪು ಹೊಳಿಗೆ ಕೂಡೇತಲ್ಲ, ಆ ಕಡೆ ಎಷ್ಟ ಏರತೈತೋ ಈ ಕಡೇನೂ ಅಷ್ಟ ಏರತೈತಿ" ಎಂದಳು. ನಬಿಸಾಬರು ನಕ್ಕರು, ನಗುತ್ತಲೇ ಹಿಂದಿನ ಕೋಣೆಯ ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸಿದರು. ಬೆಳಗಾಗುವಷ್ಟರಲ್ಲಿ, ಹೊಳೆ ಇನ್ನೂ ದಂಡೆ ದಾಟದಿದ್ದರೂ, ನಮ್ಮ ಹಿತ್ತಲಿನಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು.

ಇದೇ ಹುಡುಗಿಗೆ 'ನೀರು' ಎಂದು ಬರೆದು ತೋರಿಸಿ. ಓದಲಾರಳು.

ನಮ್ಮ ಗಡಿ ಭಾಗದ ಒಂದು ರೋಗವನ್ನು ತಮಗೆ ಹೇಳಬೇಕು. ಇಲ್ಲಿ ಮಗು ಓದದಿದ್ದರೆ ಯಾರೂ ಮಗುವನ್ನು ನೋಡುವುದಿಲ್ಲ, ಮಾಧ್ಯಮವನ್ನು ನೋಡುತ್ತಾರೆ. ಬೇರೆ ಊರುಗಳಲ್ಲಿ ಆಯ್ಕೆ ಕಡಿಮೆ, ಆದ್ದರಿಂದ ಇಂಥ ತಪ್ಪೂ ಕಡಿಮೆ. ನಮಗೆ ಶಾಲೆಗಳ ಬರವಿಲ್ಲ. ಮೊದಲು ಉರ್ದು ಶಾಲೆ, ಅತ್ತೆಯವರ ಆಸೆ. ಅಕ್ಷರ ತಲೆಗೆ ಹತ್ತಲಿಲ್ಲ. "ಮರಾಠಿಗೆ ಹಾಕು ಅಕ್ಕಾ, ಮಿರಜ ಕಡೆ ನಮ್ಮ ಮಂದಿ ಭಾಳ ಅದಾರ, ಮುಂದ ಉಪಯೋಗಕ್ಕ ಬರತೈತಿ" ಎಂದ ನನ್ನ ತಮ್ಮ ತನ್ವೀರ. ಹಾಕಿದೆ. ಅದೂ ಹತ್ತದಿದ್ದಾಗ ಕನ್ನಡ ಶಾಲೆ. ಬಲದಿಂದ ಎಡಕ್ಕೆ ಓದಲು ಪರದಾಡುತ್ತಿದ್ದವಳನ್ನು ಎಡದಿಂದ ಬಲಕ್ಕೆ ತಿರುಗಿಸಿದೆ, ಅದನ್ನು ಹಿಡಿಯುವ ಮೊದಲೇ ಹೊಸ ಕಾಗುಣಿತ ಕೈಗಿಟ್ಟೆ. ಪ್ರತಿ ಸಲವೂ ಹೊಸ ಸಮವಸ್ತ್ರ ನಾನೇ ಹೊಲಿದೆ, ಎರಡು ಜಡೆ ಹಾಕಿ ನಾನೇ ಕರೆದೊಯ್ದೆ. ಮೊದಲ ದಿನ ಜಿಗಿಯುತ್ತ ಬಂದವಳು ಕೊನೆಯ ಶಾಲೆಗೆ ನನ್ನ ಹಿಂದೆ ಕಾಲೆಳೆಯುತ್ತ ಬಂದಳು. ಸೊಕ್ಕು ಎಂದುಕೊಂಡು ಬೆನ್ನಿಗೆ ಒಂದು ಕೊಟ್ಟೆ ಕೂಡ.

ಕೊನೆಗೆ ಮಿರಜಿನ ವೈದ್ಯೆಯೊಬ್ಬರು ಇಡೀ ಮಧ್ಯಾಹ್ನ ಅವಳೊಂದಿಗೆ ಕೂತು ಮಾತಾಡಿಸಿ, ಬರೆಸಿ ನೋಡಿದರು. ಈ ಮಗುವಿನ ಬುದ್ಧಿ ವಯಸ್ಸಿಗಿಂತ ಬಹಳ ಮುಂದಿದೆ, ಅಕ್ಷರ ಗುರುತಿಸುವುದೊಂದೇ ಇವಳಿಗೆ ಕಷ್ಟ, ಒಂದೇ ಲಿಪಿಯನ್ನು ನಿಧಾನವಾಗಿ ಕಲಿಸಿದ್ದರೆ ಇಷ್ಟರಲ್ಲಿ ದಾರಿಗೆ ಬರುತ್ತಿದ್ದಳು ಎಂದರು. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು, ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆ ಮಾತು ಹಿಡಿದುಕೊಂಡು, ಪರೀಕ್ಷೆಯಲ್ಲಿ ಸವಲತ್ತು ಕೇಳಲು ತಮ್ಮ ಬಳಿ ಬಂದರೆ ತಾವು ಕೇಳಿದಿರಿ: "ನೋಡ್ರಿ ತಾಯಿ, ಓದಾಕ ಬರೂದಿಲ್ಲಂದ್ರ ಶಾಣ್ಯಾ ಹೆಂಗ? ಶಾಣ್ಯಾ ಅದಾಳಂದ್ರ ಸವಲತ್ತು ಯಾಕ?" ಎಷ್ಟು ಚೆಂದದ ತರ್ಕ! ಜಾಣ ಮಕ್ಕಳ ಶಾಲೆಗೆ ಸೇರಬೇಕಾದರೆ ಪರೀಕ್ಷೆ ಬರೆಯಬೇಕು, ಅಲ್ಲಿ ಇವಳು ದಡ್ಡಿ. ಕಲಿಕೆಯಲ್ಲಿ ಹಿಂದುಳಿದವರ ನೆರವಿಗೆ ಇವಳು ಅತಿ ಜಾಣೆ. ಹಾಗಾದರೆ ಇವಳು ಎಲ್ಲಿ ಕೂರಬೇಕು, ತಮ್ಮ ವರಾಂಡದಲ್ಲೇ? ನನ್ನ ಅರ್ಜಿ ನೋಡಲು ತಾವು ಕನ್ನಡಕ ಹುಡುಕಿದಿರಿ. ಬುದ್ಧಿ ಇದ್ದವರಿಗೆ ಕನ್ನಡಕ ಯಾಕೆ ಎಂದು ತಮ್ಮನ್ನು ಯಾರಾದರೂ ಕೇಳಿದ್ದುಂಟೇ? ಆಗ ನನಗೆ ಈ ಮಾತು ಹೊಳೆಯಲಿಲ್ಲ. ತಾವು "ಇಂಗ್ಲಿಷ್ ಮೀಡಿಯಂ ಹಾಕಿ ನೋಡ್ರಿ" ಎಂದಿರಿ, ನಾನು ಹೂಂ ಎಂದೆ.

ತಮ್ಮನ್ನು ದೂರುವುದು ಸುಲಭ. ಆದರೆ ತಾವು ಅವಳನ್ನು ನೋಡಿಯೇ ಇಲ್ಲ. ದಿನವೂ ನೋಡುವ ನನಗೆ ತಿಳಿಯದ್ದು ತಮಗೆ ಹೇಗೆ ತಿಳಿಯಬೇಕು? ಹೋದ ವಾರ ಕನ್ನಡ ಶಾಲೆಗೆ ಹೋಗಿದ್ದೆ. ಅವಳ ತರಗತಿಗೆ ಪಾಠ ಹೇಳುವ ಚಂದ್ರಮತಿ ಅಕ್ಕೋರು ಒಳ್ಳೆಯವರು, ಖುಷಿಯಿಂದಲೇ ಹೇಳಿದರು: "ಈಗ ಭಾಳ ಸುಧಾರಿಸ್ಯಾಳ್ರಿ. ಮೊದಲ ಯಾಕ, ಹೆಂಗ ಅಂತ ತಲಿ ತಿಂತಿದ್ದಳು. ಈಗ ಸುಮ್ಮ ಕುಂದರತಾಳ."

ಮನೆಗೆ ಬಂದು ಕೇಳಿದೆ, "ಯಾಕ ಬೇಟಾ, ಸಾಲ್ಯಾಗ ಏನೂ ಕೇಳಂಗಿಲ್ಲಂತ?"

"ಕೇಳಿದ್ರ ಎಲ್ಲಾರೂ ನನ್ನ ಕಡೆ ನೋಡತಾರ ಅಮ್ಮೀ. ಆಮ್ಯಾಲ ಎದ್ದು ನಿಂತು ಓದು ಅಂತಾರ."

ಮಾನ್ಯರೇ, ಇವಳನ್ನು ಇದ್ದ ಕನ್ನಡ ಶಾಲೆಯಲ್ಲೇ ಇರಗೊಡಿ. ಪರೀಕ್ಷೆಯ ಪ್ರಶ್ನೆಗಳನ್ನು ಯಾರಾದರೂ ಓದಿ ಹೇಳಲಿ, ಉತ್ತರವನ್ನು ಅವಳು ಬಾಯಿಂದ ಹೇಳಲಿ. ಇಂಥ ಮಕ್ಕಳಿಗೆ ಅಕ್ಷರ ಕಲಿಸಲು ಬಲ್ಲ ಒಬ್ಬ ಶಿಕ್ಷಕರನ್ನು ವಾರಕ್ಕೊಮ್ಮೆಯಾದರೂ ಕಳಿಸಿ. ಅವಳು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುವವರು, ಓದು ಎಂಬ ಮಾತನ್ನು ಆಮೇಲೆ ಎತ್ತುವವರು ಬೇಕು. ಜೂನ್ ತಿಂಗಳೊಳಗೆ ಬೇಕು. ತಡವಾದರೆ ಅವರು ಬಂದು ಕೂತಾಗ ಅವಳಲ್ಲಿ ಕೇಳುವ ಪ್ರಶ್ನೆಯೇ ಉಳಿದಿರಲಿಕ್ಕಿಲ್ಲ.

ಇಂತಿ,
ಎಲ್ಲರ ಮಾತು ಕೇಳಿ, ಮಗಳ ಮಾತೊಂದನ್ನೇ ಕೇಳದೆ ಹೋದ ತಾಯಿ,
ಮಮತಾಜ