ಅತ್ತೆಯ ಕಂಬಳಿ

ಗುರುವಾರ, ಡಿಸೆಂಬರ್ ೧೧. ಗೋಕಾಕ

ಅಂಗಿಯ ಹೊಲಿಗೆ ತಾಗಿದರೂ ಕಿರುಚುವ ಮಗಳು ಈ ಶ್ರಾವಣಿ. ಆಟಿಸಂ ಎಂದು ಡಾಕ್ಟರು ಹೇಳಿದಂದಿನಿಂದ ಮೆತ್ತಗಿನದನ್ನೇ ಹುಡುಕಿ ಹುಡುಕಿ ತಂದಿದ್ದೇನೆ. ನನ್ನಿಂದ ಬೇರೆಯಾದ ಗಂಡನ ಮೂಡಲಗಿಯ ಮನೆಗೆ ಹೋದಾಗಲೆಲ್ಲ ಅತ್ತೆ ದುಂಡವ್ವ ಇವಳಿಗೆ ಚುಚ್ಚುವ ಕುರಿಯುಣ್ಣೆಯ ಕಂಬಳಿ ಸುತ್ತುತ್ತಾಳೆ, ಇದು ಹಿಂಸೆ, ಮಗಳು ನನ್ನ ಹತ್ತಿರವೇ ಇರಲಿ ಎಂದು ವಕೀಲರಿಂದ ಕೋರ್ಟಿಗೆ ಬರೆಸಿದ್ದೆ.

ಇವತ್ತು ಕೋರ್ಟಿನ ಗದ್ದಲಕ್ಕೆ ಶ್ರಾವಣಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದಳು. ನಾನು ಮುಟ್ಟಿದರೆ ಒದ್ದಳು. ಆ ಮುದುಕಿ ದುಂಡವ್ವ ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಬಿಗಿಯಾಗಿ ಸುತ್ತಿದಳು. ಮಗಳು ಸುಮ್ಮನಾದಳು.

"ಬೆದರಿದ ಕುರಿಮರೀನ ಹಿಂಗ ಅವಚಿ ಹಿಡೀತೇವ್ರಿ, ಸಾಹೇಬ್ರ" ಅಂದಳು.

ಜಡ್ಜ್ ಸಾಹೇಬರು ಒಪ್ಪಿದವರಂತೆ ತಲೆ ಆಡಿಸಿದರು. ಮಗು ಸುಮ್ಮನಾದರೆ ಹೆತ್ತವಳಿಗೆ ಸಮಾಧಾನವಾಗಬೇಕು. ನನಗೆ ಹೊಟ್ಟೆ ಧಗಧಗ ಉರಿಯಿತು. ಇವಳಿಗೆ ಒಂಬತ್ತು ವರ್ಷವಾಯಿತು, ನನ್ನ ತೋಳಿನಲ್ಲಿ ಒಮ್ಮೆಯೂ ಹಾಗೆ ಒರಗಿಲ್ಲ.

ಹೊರಡುವಾಗ ದುಂಡವ್ವ ಅದೇ ಕಂಬಳಿಯನ್ನು ನನ್ನ ಕೈಗಿಟ್ಟಳು. "ಇಟ್ಕೋ ಯವ್ವಾ, ಕೂಸಿಗೆ ಬೇಕಾಗತೈತಿ." ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಒಳಗೆ ಶ್ರಾವಣಿ ಅಳುತ್ತಿದ್ದಾಳೆ. ಕಂಬಳಿ ಟ್ರಂಕಿನಲ್ಲಿದೆ, ಕೀಲಿ ನನ್ನ ಮುಷ್ಟಿಯಲ್ಲಿದೆ. ಕೊಡುತ್ತೇನೆ. ಅದಕ್ಕೂ ಮೊದಲು ನಾನೇ ಒಂದು ಸಲ ಇವಳನ್ನು ಬಿಗಿಯಾಗಿ ಅಪ್ಪಿಕೊಂಡು ನೋಡುತ್ತೇನೆ. ಒಂದೇ ಸಲ. ಆಗಲೂ ಒದ್ದರೆ…